ಕಾಲಿಗೆ ತಕ್ಕ ಬೈಸಿಕಲ್ಲು

ಜೋಡು ಕೊಳ್ಳಲು ಹೋದವನು ಕಾಲಿಗೆ ತೊಟ್ಟು ನೋಡದೆ ಹಣ ತೆರುವುದಿಲ್ಲ. ಬೈಸಿಕಲ್ಲಿನ ವಿಷಯದಲ್ಲಿ ಮಾತ್ರ ನಾವು ಬಣ್ಣವನ್ನೂ ಬೆಲೆಯನ್ನೂ ವಿಚಾರಿಸಿ, “ಇಪ್ಪತ್ತಾರು ಇಂಚಿನದು ಕೊಡಿ” ಎಂದುಬಿಡುತ್ತೇವೆ. ಈ 26 ಇಂಚು ಚಕ್ರದ ವ್ಯಾಸವೇ ಹೊರತು ಸವಾರನ ಅಳತೆಯಲ್ಲ. ಮೈಗೆ ಒಪ್ಪಬೇಕಾದುದು ಚೌಕಟ್ಟು, ಎಂದರೆ ಫ್ರೇಮು. ಸೀಟನ್ನು ಏರಿಸಬಹುದು, ಇಳಿಸಬಹುದು. ಫ್ರೇಮನ್ನು ಹಿಗ್ಗಿಸಲೂ ಕುಗ್ಗಿಸಲೂ ಆಗದು. ಆದುದರಿಂದ ಮೊದಲು ಆರಿಸತಕ್ಕದ್ದು ಅದನ್ನೇ.

ಪೆಡಲುಗಳು ಸುತ್ತುವ ಅಚ್ಚಿನ ನಡುವಿನಿಂದ, ಸೀಟನ್ನು ಹೊತ್ತ ಕೊಳವೆಯ ಮೇಲ್ತುದಿಯವರೆಗಿನ ಉದ್ದವೇ ಫ್ರೇಮಿನ ಅಳತೆ. ನಮ್ಮ ನಾಡಿನ ಹಳೆಯ ಮಾದರಿಯ ಎತ್ತರದ ಕಪ್ಪು ಬೈಸಿಕಲ್ಲುಗಳಲ್ಲಿ ಇದು ಸಾಮಾನ್ಯವಾಗಿ 22 ಅಥವಾ 24 ಇಂಚು. 22 ಇಂಚೆಂದರೆ 56 ಸೆಂಟಿಮೀಟರು. ಕೊಳವೆ ಓರೆಯಾಗಿರುವುದರಿಂದ ನೇರ ಎತ್ತರ ಸುಮಾರು 52 ಮಾತ್ರ. ಅಚ್ಚು ನೆಲದಿಂದ 29 ಸೆಂಟಿಮೀಟರು ಮೇಲಿದ್ದರೆ, ಅಡ್ಡ ಬಾರಿನ ಎತ್ತರ 81 ಸೆಂಟಿಮೀಟರಾಯಿತು. ಕಾಲಿನ ಒಳ ಅಳತೆ 76 ಸೆಂಟಿಮೀಟರಿರುವ ವಿದ್ಯಾರ್ಥಿ ಆ ಬಾರಿನ ಇಕ್ಕೆಲಗಳಲ್ಲಿ ಕಾಲೂರಿ ನಿಲ್ಲಲಾರ. ಹುಡುಗರು ಬಾರಿನ ಕೆಳಗೆ ಕಾಲು ತೂರಿಸಿ ‘ಒಳಪೆಡಲು’ ತುಳಿಯುತ್ತಿದ್ದುದರ ಹಿಂದೆ ಇದ್ದುದು ಈ ಲೆಕ್ಕವೇ.

ಒಳ ಅಳತೆಯನ್ನು ತಿಳಿಯುವುದು ಸುಲಭ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿರಿ. ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಮೇಲಕ್ಕೆ ಒತ್ತಿ, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಬಾರು ನೆಲಕ್ಕೆ ಸಮಾಂತರವಾಗಿರುವ ರಸ್ತೆ ಬೈಸಿಕಲ್ಲಿಗೆ ಈ ಅಳತೆಯನ್ನು 0.66ರಿಂದ ಗುಣಿಸಿದರೆ ಫ್ರೇಮು ದೊರೆಯುತ್ತದೆ: 76ಕ್ಕೆ ಸುಮಾರು 50 ಸೆಂಟಿಮೀಟರು. 0.883ರಿಂದ ಗುಣಿಸಿದರೆ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕಿರಬೇಕಾದ ದೂರ: ಸುಮಾರು 67 ಸೆಂಟಿಮೀಟರು. ಇವು ಆರಂಭದ ಅಂದಾಜುಗಳೆಂಬುದನ್ನು ಮರೆಯಬಾರದು. ಬಾರು ಇಳಿಜಾರಾಗಿರುವ ಗೇರು ಬೈಸಿಕಲ್ಲುಗಳಿಗೆ ತಯಾರಕರ ಪಟ್ಟಿಯನ್ನೇ ನೋಡಬೇಕು. ಒಬ್ಬರ ‘ಮಧ್ಯಮ’ ಇನ್ನೊಬ್ಬರ ‘ಮಧ್ಯಮ’ಕ್ಕೆ ಸಮನಲ್ಲ.

ಇಷ್ಟೊಂದು ಎಚ್ಚರಿಕೆ ಏತಕ್ಕೆ? ಮೊಣಕಾಲ ಚಿಪ್ಪು ಒಂದು ರಾಟೆಯಿದ್ದಂತೆ. ತೊಡೆಯ ಸ್ನಾಯುವಿನ ಎಳೆತ ಅದರ ಮೇಲೆ ಹಾದು ಮುಂಗಾಲಿಗೆ ತಲಪುತ್ತದೆ. ರಾಟೆಯ ಮೇಲಿನ ಹಗ್ಗ ಹೆಚ್ಚು ಬಾಗಿದಷ್ಟೂ ರಾಟೆಯನ್ನು ಅದುಮುವ ಬಲವೂ ಹೆಚ್ಚುತ್ತದೆ. ಹಗ್ಗ 90 ಡಿಗ್ರಿ ಬಾಗಿದಾಗ ಆ ಬಲ ಎಳೆತದ 1.4 ಪಟ್ಟು! ಸೀಟು ತಗ್ಗಾದರೆ ಮೊಣಕಾಲು ಸದಾ ಹೆಚ್ಚಾಗಿ ಬಾಗಿಯೇ ಇರುತ್ತದೆ. ಅತಿ ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡುತ್ತದೆ. ಪೆಡಲು ಕೆಳಗಿರುವಾಗ ಕಾಲು ಪೂರ್ತಿ ನೆಟ್ಟಗಾಗದೆ 25ರಿಂದ 35 ಡಿಗ್ರಿಯಷ್ಟು ಬಾಗಿರುವುದು ಹಿತಕರ.

ಬನಶಂಕರಿಯ ವಿದ್ಯಾರ್ಥಿಯೊಬ್ಬ ಜಯನಗರದ ಕಾಲೇಜಿಗೆ 3 ಕಿಲೋಮೀಟರು ಹೋಗುವನೆನ್ನೋಣ. ಮುಂದಿನ ಹಲ್ಲುಚಕ್ರಕ್ಕೆ 44, ಹಿಂದಿನದಕ್ಕೆ 18 ಹಲ್ಲುಗಳಿದ್ದು, ಚಕ್ರ 26 ಇಂಚಿನದಾದರೆ, ಪೆಡಲಿನ ಒಂದು ಸುತ್ತಿಗೆ 5 ಮೀಟರು ಸಾಗುತ್ತದೆ. ಹೋಗಿಬರುವುದರೊಳಗೆ ಒಂದೊಂದು ಮೊಣಕಾಲೂ ಸುಮಾರು 1200 ಸಲ ಮಡಿಸಿ ಬಿಡಿಸಿಕೊಳ್ಳಬೇಕು. ಒಂದೆರಡು ಅಂಗುಲದ ತಪ್ಪು ದಿನದಿನವೂ ಇಷ್ಟು ಬಾರಿ ಪುನರಾವರ್ತನೆಯಾಗುವುದು.

ಅಂಗಡಿಯಲ್ಲಿ ಮೂರು ಪರೀಕ್ಷೆಗಳು ಸಾಕು. ಸಮಾಂತರ ಬಾರಿನ ಮೇಲೆ ನಿಂತಾಗ 2-3 ಸೆಂಟಿಮೀಟರು ತೆರಪಿರಲಿ. ಸೀಟಿನ ಮೇಲೆ ಕುಳಿತು ಕೆಳಗಿನ ಪೆಡಲಿಗೆ ಹಿಮ್ಮಡಿಯಿಟ್ಟಾಗ ಕಾಲು ನೆಟ್ಟಗಾಗಲಿ. ಮುಂಗಾಲಿನಿಂದ ತುಳಿಯುವಾಗ ಬೇಕಾದ ಬಾಗು ತಾನಾಗಿ ಬರುತ್ತದೆ. ಹ್ಯಾಂಡಲು ಹಿಡಿದಾಗ ಮೊಣಕೈ ತುಸು ಮಡಿದಿರಲಿ.

ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಶಾಲೆಯ ಮಕ್ಕಳಿಗೆ ದೊರೆತಂತಹ, ಆರಿಸದೆಯೇ ಕೈಸೇರಿದ ಬೈಸಿಕಲ್ಲಿಗೂ ಸೀಟಿನ ಪರೀಕ್ಷೆ ಸಲ್ಲುತ್ತದೆ. ಆದರೆ ಸೀಟಿನ ಕಂಬವನ್ನು ಅದರ ಮೇಲೆ ಕೊರೆದ ಗೆರೆ ಹೊರಕಾಣುವಷ್ಟು ಎಳೆಯಕೂಡದು. ಗೆರೆ ಕಂಡಿತೆಂದರೆ ಫ್ರೇಮು ನಿಮಗೆ ಚಿಕ್ಕದೆಂದೇ ಅರ್ಥ. ಕೊಳ್ಳುವ ದಿನ ಹಣದೊಡನೆ ಅಳತೆಯ ಟೇಪೊಂದೂ ಜೇಬಿನಲ್ಲಿರಲಿ.