ವುಝೂ ಮಾಡುವಾಗ ಪಾದವನ್ನೂ ನೋಡಿ

ಚನ್ನಗಿರಿಯ ಅಡಿಕೆ ತೋಟವಿರಲಿ, ಹೊನ್ನಾಳಿ, ನ್ಯಾಮತಿಯ ಗದ್ದೆಯಿರಲಿ, ಜಗಳೂರಿನ ಮೆಕ್ಕೆಜೋಳದ ಹೊಲವಿರಲಿ, ದುಡಿಯುವವರ ಕಾಲಿಗೆ ಮುಳ್ಳು ಚುಚ್ಚುವುದು ಹೊಸದೇನಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರಲ್ಲಿ ಅದೇ ಸಣ್ಣ ಗಾಯ ವಾರಗಟ್ಟಲೆ ಮಾಯುವುದಿಲ್ಲ. ಏಕೆ?

ಗಾಯವಾದೊಡನೆ ‘ಮ್ಯಾಕ್ರೋಫೇಜ್’ ಎಂಬ ರಕ್ಷಕ ಕಣಗಳು ಅಲ್ಲಿ ಸೇರಿ ರೋಗಾಣುಗಳನ್ನು ನುಂಗುತ್ತವೆ. ಈ ಹೋರಾಟಕ್ಕೆ ತುರ್ತಾಗಿ ಶಕ್ತಿ ಬೇಕು. ಅದಕ್ಕಾಗಿ ಅವು ಆಮ್ಲಜನಕಕ್ಕೂ ಕಾಯದೆ ಗ್ಲೂಕೋಸನ್ನು ಬೇಗಬೇಗನೆ ಒಡೆಯುತ್ತವೆ. ಆಗ ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ರೋಗಾಣುಗಳು ಸತ್ತ ಬಳಿಕ ಈ ಕಣಗಳು ರೀತಿ ಬದಲಿಸುತ್ತವೆ. ಆಮ್ಲಜನಕ ಬಳಸಿ ಕೊಬ್ಬಿನಿಂದಲೂ ನಿಧಾನವಾಗಿ ಶಕ್ತಿ ಪಡೆಯುತ್ತಾ ಗಾಯ ಕೂಡಿಸುವ ಕೆಲಸಕ್ಕೆ ತೊಡಗುತ್ತವೆ.

ರಕ್ತದಲ್ಲಿ ಸಕ್ಕರೆ ಸದಾ ಹೆಚ್ಚಿದ್ದರೆ ಈ ಬದಲಾವಣೆ ಸರಿಯಾಗಿ ಆಗದು. ಉರಿಯೂತ ಆರುವುದಿಲ್ಲ, ಗಾಯ ಕೂಡುವುದಿಲ್ಲ. ಪಾದದ ನರಗಳು ದುರ್ಬಲವಾಗಿದ್ದರೆ ನೋವೂ ತಿಳಿಯದು. ನಿರ್ಲಕ್ಷಿಸಿದರೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದೀತು.

ದಿನಕ್ಕೆ ಹಲವು ಬಾರಿ ಪಾದ ತೊಳೆಯುವವರು ನಾವು. ವುಝೂ ಮಾಡುವಾಗ ದಿನಕ್ಕೊಮ್ಮೆಯಾದರೂ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ಗಮನಿಸಿ ನೋಡಿ. ಬಗ್ಗಲಾಗದ ಹಿರಿಯರ ಪಾದವನ್ನು ಮಕ್ಕಳು ನೋಡಲಿ. ಬಿಸಿನೀರಾದರೆ ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ತೊಳೆದ ಮೇಲೆ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ. ಬರಿಗಾಲಲ್ಲಿ ಹೊಲಕ್ಕೆ ಇಳಿಯಬೇಡಿ. ಗಾಯ ಕಂಡರೆ ಮನೆಮದ್ದು ಹಚ್ಚಿ ಕಾಯದೆ ಅಂದೇ ವೈದ್ಯರಿಗೆ ತೋರಿಸಿ.

ವಯಸ್ಸು 30 ದಾಟಿದವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಆರೋಗ್ಯ ಅಲ್ಲಾಹನು ಕೊಟ್ಟ ಅಮಾನತ್ತು. ಅದನ್ನು ಕಾಪಾಡಿಕೊಳ್ಳುವುದು ನಮ್ಮ ಹೊಣೆ.