ಹಗೇವು: ನೆಲದೊಳಗಿನ ಕಣಜ

ಸುಗ್ಗಿ ಮುಗಿದರೂ ರೈತನ ಆತಂಕ ಮುಗಿಯುವುದಿಲ್ಲ. ಕಣದಿಂದ ಮನೆಗೆ ಬಂದ ಕಾಳಿಗೆ ಹುಳು, ಇಲಿ, ತೇವದ ಕಾಟ. ಜಗತ್ತಿನ ಆಹಾರದಲ್ಲಿ ಸುಮಾರು ಶೇ. 14 ಭಾಗ ಕೊಯ್ಲಿನ ನಂತರ, ಅಂಗಡಿ ತಲುಪುವ ಮೊದಲೇ ನಷ್ಟವಾಗುತ್ತದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿತು.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಹಗೇವು. ನೀರು ನಿಲ್ಲದ ಎತ್ತರದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಇಲ್ಲವೇ ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು, ಹುಳುಗಳ ಉಸಿರಾಟದಿಂದಲೇ ಒಳಗೆ ಆಮ್ಲಜನಕ ತಗ್ಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಆ ಗಾಳಿ ಮನುಷ್ಯನಿಗೂ ಮೃತ್ಯುವೇ. ಇಳಿಬಿಟ್ಟ ದೀಪ ಆರಿದರೆ ಯಾರೂ ಕೆಳಗಿಳಿಯುತ್ತಿರಲಿಲ್ಲ.

ಇಂದಿನ ಗಾಳಿಯಾಡದ ಚೀಲಗಳ ತತ್ತ್ವವೂ ಇದೇ. ಮಳೆ ಕೈಕೊಟ್ಟ ವರ್ಷ ಊರಿನ ಒಲೆ ಉರಿಯುತ್ತಿದ್ದುದು ಹಗೇವಿನ ಹಳೆಯ ಕಾಳಿನಿಂದ.