ಮೂರು ಮೀಟರಿನ ಒಂದು ನಿಮಿಷ

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದವರಲ್ಲಿ ಬಹಳ ಮಂದಿ ಐಎನ್‌ಎಸ್ ಚಪಲ್ ಹತ್ತಿ ಇಳಿದಿರುತ್ತಾರೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತವಾದ ಕ್ಷಿಪಣಿ ದೋಣಿ ಅದು. ಉದ್ದ 38 ಮೀಟರಿಗೆ ತುಸು ಹೆಚ್ಚು. ಯುದ್ಧನೌಕೆ ಎಂದರೆ ಬೆಟ್ಟದಂಥದ್ದು ಅಂದುಕೊಂಡು ಬಂದವರಿಗೆ ಇಷ್ಟೇನಾ ಅನ್ನಿಸುತ್ತದೆ. (ನಮ್ಮ ಮಾತಿನಲ್ಲಿ ಚಪಲ ಅಂದರೆ ನಾಲಿಗೆಯದ್ದು, ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಸಂಸ್ಕೃತದ ಚುರುಕು.) ಈ ಚಿಕ್ಕ ದೋಣಿಗಳ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಟಾರ್ಪಿಡೊ ದೋಣಿ. ಮರದ ಮೈ, ದೊಡ್ಡ ಎಂಜಿನ್, ಮಗ್ಗುಲಿಗೊಂದರಂತೆ ಟಾರ್ಪಿಡೊ, ಹತ್ತಾರು ಜನ.

ಇಂಗ್ಲೆಂಡು, ಅಮೆರಿಕಗಳಲ್ಲಿ ಈ ದೋಣಿಗಳ ಬೆರಳುದ್ದದ ಮಾದರಿಗಳನ್ನು ಮೇಜಿನ ಮೇಲೆ ಹರಡಿಕೊಂಡು ದಾಳ ಉರುಳಿಸಿ ಕಾಳಗ ಆಡುವ ಹವ್ಯಾಸಿಗಳಿದ್ದಾರೆ. ಅವರ ಹಳೆಯ ಹುಡುಕಾಟ ಒಂದೇ: ರಾತ್ರಿ ಊಟದ ಹೊತ್ತಿಗೆ ಮುಗಿಯುವ ನಿಯಮಗಳು ಬೇಕು. ನೌಕಾಯುದ್ಧದ ಆಟಗಳೇನೋ ಹೇರಳವಾಗಿವೆ. ಆದರೆ ಹೆಚ್ಚಿನವು ಹುಟ್ಟಿದ್ದು ದೊಡ್ಡ ಹಡಗುಗಳಿಗಾಗಿ. ಫ್ರೆಡ್ ಜೇನ್ 1898ರಲ್ಲಿ ಹೊರತಂದ ಆಟದಲ್ಲಿ ಹಡಗಿನ ಚಿತ್ರಕ್ಕೆ ಮೊಳೆಯಿರುವ ಪುಟ್ಟ ಹಲಗೆಯಿಂದ ಬಡಿಯಬೇಕಿತ್ತು. ತೂತು ಬಿದ್ದಲ್ಲಿ ಗುಂಡು ಬಿತ್ತು ಎಂದು ಲೆಕ್ಕ. ಅಲ್ಲಿ ಉಕ್ಕಿನ ಕವಚ ಎಷ್ಟು ದಪ್ಪ ಎಂಬುದು ಮುಖ್ಯ ಪ್ರಶ್ನೆ. ಮರದ ದೋಣಿಗೆ ಆ ಪ್ರಶ್ನೆಯೇ ಇಲ್ಲ. ಅದು ಓಡುತ್ತಿದೆ, ಕುಂಟುತ್ತಿದೆ, ಇಲ್ಲವೇ ಉರಿಯುತ್ತಿದೆ. ಬ್ರಿಟಿಷರ ಮೋಟಾರ್ ಟಾರ್ಪಿಡೊ ಬೋಟುಗಳು ಹೆಚ್ಚಾಗಿ ಪೆಟ್ರೋಲಿನವು, ಜರ್ಮನ್ನರ ಷ್ನೆಲ್‌ಬೋಟ್ ಡೀಸೆಲ್ಲಿನದು. ಆ ಒಂದು ವ್ಯತ್ಯಾಸಕ್ಕೆ ಒಂದು ದಾಳ ಮೀಸಲಿಟ್ಟರೆ ಹತ್ತು ಪುಟದ ಕೋಷ್ಟಕ ಉಳಿಯುತ್ತದೆ.

ನಿಜವಾದ ತೊಡಕು ಇರುವುದು ಅಳತೆಯಲ್ಲಿ. ಇತ್ತೀಚಿನ ಜನಪ್ರಿಯ ಆಟ, 2018ರಲ್ಲಿ ಬಂದ ‘ಕ್ರೂಯಲ್ ಸೀಸ್’, ಮುನ್ನೂರರಲ್ಲಿ ಒಂದು ಪಾಲಿನ ಮಾದರಿಗಳನ್ನು ಬಳಸುತ್ತದೆ. 35 ಮೀಟರಿನ ಷ್ನೆಲ್‌ಬೋಟ್ ಹನ್ನೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಬಣ್ಣ ಬಳಿಯಲು ಚಂದ, ಕೈಯಲ್ಲಿ ಹಿಡಿಯಲು ಹಿತ. ಈಗ ಅದೇ ಲೆಕ್ಕದಲ್ಲಿ ಸಮುದ್ರವನ್ನು ಅಳೆಯಿರಿ. ಆರಡಿ ಮೇಜು ಎಂದರೆ ಸುಮಾರು 550 ಮೀಟರ್ ನೀರು. ಮೂವತ್ತು ನಾಟ್ ವೇಗದ ದೋಣಿ ನಿಮಿಷಕ್ಕೆ 926 ಮೀಟರ್ ಓಡುತ್ತದೆ, ಅಂದರೆ ಮೇಜಿನ ಮೇಲೆ ಮೂರು ಮೀಟರ್. ಒಂದು ನಿಮಿಷ ಕಳೆಯುವ ಮೊದಲೇ ನಿಮ್ಮ ನೌಕಾಪಡೆ ಮೇಜು ದಾಟಿ ಅಡುಗೆಮನೆಯ ಬಾಗಿಲಲ್ಲಿ! ಹಾಗಾಗಿ ನಿಯಮ ಬರೆಯುವವರು ಒಂದು ಸುಳ್ಳನ್ನು ಒಪ್ಪಿಕೊಳ್ಳಲೇಬೇಕು: ದೋಣಿಗೊಂದು ಅಳತೆ, ನೀರಿಗೊಂದು ಅಳತೆ. ಸುಳ್ಳು ಹೇಳಲು ಮನಸ್ಸಿಲ್ಲದವರು 1200ರಲ್ಲಿ ಒಂದು ಪಾಲಿನ ಮಾದರಿಗೆ ಇಳಿಯುತ್ತಾರೆ. ಆಗ ಷ್ನೆಲ್‌ಬೋಟ್ ಮೂರು ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಬಾದಾಮಿ. ನನ್ನ ಮತ ಬಾದಾಮಿಗೆ. ಚೌಕಾಬಾರದ ಹುಣಸೆ ಬೀಜವನ್ನೇ ಕುದುರೆ ಅಂದುಕೊಂಡು ಆಡಿ ಬೆಳೆದವರಿಗೆ ಇದೇನು ಕಷ್ಟವಲ್ಲ.

ಟಾರ್ಪಿಡೊ ವಿಷಯಕ್ಕೆ ಬಂದರೆ ಆಟದ ಹಣೆಬರಹವೇ ಅಲ್ಲಿ ನಿರ್ಧಾರವಾಗುತ್ತದೆ. ಸಾವಿರ ಮೀಟರ್ ದೂರದಲ್ಲಿ ಹತ್ತು ನಾಟ್ ವೇಗದಲ್ಲಿ ಅಡ್ಡ ಹೋಗುತ್ತಿರುವ 80 ಮೀಟರಿನ ಸರಕು ಹಡಗು ಎಂದುಕೊಳ್ಳಿ. ನಲವತ್ತು ನಾಟಿನ ಟಾರ್ಪಿಡೊ ಅಲ್ಲಿಗೆ ತಲುಪಲು ಐವತ್ತು ಸೆಕೆಂಡು. ಅಷ್ಟರಲ್ಲಿ ಹಡಗು 250 ಮೀಟರ್ ಸರಿದಿರುತ್ತದೆ. ಅದರ ವೇಗವನ್ನು ಎಂಟು ನಾಟ್ ಎಂದು ತಪ್ಪು ಅಂದಾಜು ಮಾಡಿದರೆ ಸಾಕು, ನಡುಮೈಗೆ ಇಟ್ಟ ಗುರಿ ಹಿಂಬದಿಯಿಂದ ಹತ್ತು ಮೀಟರ್ ಆಚೆ ನೀರು ಸೀಳಿಕೊಂಡು ಹೋಗುತ್ತದೆ. ಬೇಗ ಮುಗಿಯಲಿ ಎಂಬ ಆಸೆಗೆ ಎಷ್ಟೋ ನಿಯಮಪುಸ್ತಕಗಳು ಇದಿಷ್ಟನ್ನೂ ‘ಆರು ಬಿದ್ದರೆ ತಾಗಿತು’ ಎಂದು ಒಂದೇ ದಾಳಕ್ಕೆ ಒಪ್ಪಿಸಿಬಿಡುತ್ತವೆ. ಆಟ ಬೇಗ ಮುಗಿಯುತ್ತದೆ ನಿಜ, ಆದರೆ ಆಡಿದ್ದೇನು? ಅದಕ್ಕಿಂತ, ದಿಕ್ಕು ತೋರಿಸುವ ಬಿಲ್ಲೆಯೊಂದನ್ನು ನೀರಿಗೆ ಬಿಟ್ಟು ಪ್ರತಿ ಸರದಿಗೂ ನೇರ ಮುಂದಕ್ಕೆ ಸರಿಸುವುದು ಲೇಸು. ಲೆಕ್ಕ ಬೇಡ, ಕೋಷ್ಟಕ ಬೇಡ. ಬಿಟ್ಟವನು ಕಣ್ಣಂದಾಜಿಗೇ ಬದ್ಧ. ಫ್ಲೆಚರ್ ಪ್ರ್ಯಾಟ್ 1940ರಲ್ಲಿ ಪ್ರಕಟಿಸಿದ ಆಟದಲ್ಲಿ ಫಿರಂಗಿಗೂ ದಾಳ ಇರಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ದೂರ ಎಷ್ಟು ಇಂಚು ಎಂದು ಊಹಿಸಿ ಬರೆಯುವುದು, ಆಮೇಲೆ ಅಳೆದು ನೋಡುವುದು.

ಇನ್ನು ಕತ್ತಲು. ಈ ಕಾಳಗಗಳು ನಡೆದದ್ದು ಹೆಚ್ಚಾಗಿ ರಾತ್ರಿ. ಇಂಗ್ಲಿಷ್ ಕಾಲುವೆಯಲ್ಲಿ ಹೆಸರು ಮಾಡಿದ ಬ್ರಿಟಿಷ್ ದೋಣಿ ನಾಯಕ ರಾಬರ್ಟ್ ಹಿಚೆನ್ಸ್ ಊರಲ್ಲಿ ವಕೀಲ. ಅವನ ಪಟ್ಟುಗಳಲ್ಲಿ ಒಂದು, ಶತ್ರು ಮನೆಗೆ ಮರಳುವ ದಾರಿಯಲ್ಲಿ ಎಂಜಿನ್ ಆರಿಸಿ ಸುಮ್ಮನೆ ಕಾಯುವುದು. 1943ರ ಏಪ್ರಿಲ್‌ನಲ್ಲಿ ಅವನೂ ಸತ್ತ. ಅದೇ ವರ್ಷ ಆಗಸ್ಟ್ ಮೊದಲ ವಾರ ಸಾಲೊಮನ್ ದ್ವೀಪಗಳ ಬ್ಲ್ಯಾಕೆಟ್ ಜಲಸಂಧಿಯಲ್ಲಿ ಹದಿನೈದು ಅಮೆರಿಕನ್ ದೋಣಿಗಳು ಮೂವತ್ತು ಟಾರ್ಪಿಡೊ ಬಿಟ್ಟವು, ಒಂದೂ ತಾಗಲಿಲ್ಲ. ಅವುಗಳಲ್ಲೊಂದು, ಎಂಜಿನ್ ಸದ್ದು ತಗ್ಗಿಸಿ ನಿಂತಿದ್ದ ಪಿಟಿ-109ನ್ನು ಜಪಾನಿನ ಯುದ್ಧನೌಕೆ ಅಮಾಗಿರಿ ಕತ್ತಲಿಂದ ಬಂದು ಸೀಳಿಕೊಂಡು ಹೋಯಿತು. ದೋಣಿಯ ನಾಯಕ ಜಾನ್ ಕೆನಡಿ ಉಳಿದದ್ದರಿಂದ ಕತೆಯೂ ಉಳಿಯಿತು. ನಲವತ್ತು ನಾಟ್ ಓಡಬಲ್ಲ ದೋಣಿಗಳ ಆಟ ಮುಕ್ಕಾಲು ಪಾಲು ತೆವಳುವ ಆಟ ಎನ್ನುವುದನ್ನು ನಿಯಮ ಬರೆಯುವವರು ಮರೆಯುತ್ತಾರೆ. ಮಾದರಿಗಳ ಬದಲು ಬೋರಲು ಚೀಟಿಗಳನ್ನು ಇಡಿ, ಅವುಗಳಲ್ಲಿ ಅರ್ಧ ಖಾಲಿ ಇರಲಿ. ಹತ್ತಿರ ಬಂದಾಗ ಮಗುಚಿದರಾಯಿತು. ಇದಕ್ಕೆ ಅರ್ಧ ಪುಟದ ನಿಯಮ ಸಾಕು.

ಆದರೂ ಯಾವ ಪುಸ್ತಕಕ್ಕೂ ಸಿಕ್ಕದ ರಾತ್ರಿಗಳಿವೆ. 1918ರ ಜೂನ್ 10ರ ನಸುಕಿನಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಗಸ್ತು ಮುಗಿಸಿ ಮರಳುತ್ತಿದ್ದ ಎರಡು ಇಟಾಲಿಯನ್ ದೋಣಿಗಳಿಗೆ ದೂರದಲ್ಲಿ ಹೊಗೆ ಕಂಡಿತು. ಹದಿನಾರು ಮೀಟರಿನ ದೋಣಿಯಲ್ಲಿದ್ದ ಲುಯಿಜಿ ರಿಟ್ಸೊ ಕಾವಲು ಹಡಗುಗಳ ನಡುವೆ ನುಸುಳಿ ಎರಡು ಟಾರ್ಪಿಡೊ ಬಿಟ್ಟ. ಎರಡೂ ತಾಗಿ ಇಪ್ಪತ್ತು ಸಾವಿರ ಟನ್ನಿನ ಆಸ್ಟ್ರಿಯಾ-ಹಂಗೇರಿಯ ಯುದ್ಧನೌಕೆ ‘ಸೆಂಟ್ ಇಶ್ಟ್ವಾನ್’ ಮೂರು ಗಂಟೆಯೊಳಗೆ ಮಗುಚಿತು. ಜೊತೆಗಾರ ದೋಣಿಯ ಟಾರ್ಪಿಡೊಗಳು ಕೈಕೊಟ್ಟವು. ಬೆನ್ನಟ್ಟಿ ಬಂದ ಶತ್ರು ದೋಣಿಯ ಮುಂದೆ ರಿಟ್ಸೊ, ಜಲಾಂತರ್ಗಾಮಿಗಳಿಗೆಂದು ಇಟ್ಟುಕೊಂಡಿದ್ದ ಸಿಡಿಗುಂಡನ್ನು ನೀರಿಗೆ ಬೀಳಿಸಿ ಪಾರಾದ. ಮೇಜಿನ ಮೇಲೆ ಯಾರಾದರೂ ಇದನ್ನು ಮಾಡಹೊರಟರೆ ಎದುರಿನವನು ಮೊದಲು ಪುಸ್ತಕ ತೆರೆದು ಪುಟ ತೋರಿಸು ಅನ್ನುತ್ತಾನೆ.